ಅವರು ನಿಮಗೆ ಏನಾಗಬೇಕು?

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅಕ್ಕನಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಹೊಲಿಗೆ ಯಂತ್ರ ಇಟ್ಟರೆ ಮೊಣಕೈ ಗೋಡೆಗೆ ತಾಗುವಷ್ಟು ಜಾಗದಲ್ಲಿ ಕೂತು ಕೆಟ್ಟ ಜಿಪ್ಪು ಬದಲಿಸುತ್ತಾಳೆ, ಉದ್ದದ ಪ್ಯಾಂಟು ಗಿಡ್ಡ ಮಾಡುತ್ತಾಳೆ. ಹಾಗಾಗಿ ಬೀದಿಗೆಲ್ಲ ಅವಳು ಜಿಪ್ಪಕ್ಕ. ಇಪ್ಪತ್ತೇಳಕ್ಕೇ ಅಕ್ಕ ಅನ್ನಿಸಿಕೊಳ್ಳುವುದು ಯಾರಿಗೆ ಇಷ್ಟ? ಆದರೆ ಬೀದಿಯ ಬಾಯಿಗೆ ಜಿಪ್ಪು ಹಾಕಲು ಅವಳಿಂದಲೂ ಆಗಲಿಲ್ಲ.

ಅವನು ಅದೇ ಕಟ್ಟಡದ ಲಿಫ್ಟ್ ರಿಪೇರಿಗೆ ಬಂದವನು. ಲಿಫ್ಟು ಒಂದೇ ದಿನದಲ್ಲಿ ಸರಿಹೋಯಿತು. ಅವನು ಮಾತ್ರ ನಾಲ್ಕು ವರ್ಷದಿಂದ ದಿನಾ ಸಂಜೆ ಎರಡು ಲೋಟ ಟೀ ಹಿಡಿದುಕೊಂಡು ಬರುತ್ತಲೇ ಇದ್ದ. ಅವಳು ಕೈ ಚಾಚುವ ಮೊದಲೇ ಕತ್ತರಿ ಎತ್ತಿಕೊಡುತ್ತಿದ್ದ. ಒಳ್ಳೆಯವನು, ಎರಡು ಮಾತಿಲ್ಲ. ಮದುವೆ ಎಂಬ ಮಾತು ಬಂದರೆ ಮಾತ್ರ ಮುಖ ಹರಳೆಣ್ಣೆ ಕುಡಿದ ಹಾಗಾಗುತ್ತಿತ್ತು.

"ಈಗ ಇಷ್ಟ ಇದೆ, ಅದಕ್ಕೇ ಇರ್ತೀನಿ. ಮದುವೆ ಆದ್ಮೇಲೆ ಇರಲೇಬೇಕು ಅಂತಾಗುತ್ತೆ. ಆ 'ಲೇಬೇಕು' ಒಳಗೆ ಬಂತು ಅಂದ್ರೆ ಇಷ್ಟ ಚಪ್ಪಲಿ ಹಾಕ್ಕೊಂಡು ಹೊರಟುಬಿಡುತ್ತೆ ಕಣೇ."

ಅದು ಬರೀ ಬಾಯಿಮಾತಲ್ಲ. ಅವನ ಅಪ್ಪ ಅಮ್ಮ ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಮಾತು ಬಿಟ್ಟು ಬದುಕಿದವರು. "ನಿಮ್ಮಪ್ಪನಿಗೆ ಹೇಳು, ಊಟಕ್ಕೆ ಬರ್ಲಿ." "ನಿಮ್ಮಮ್ಮನಿಗೆ ಹೇಳು, ಹಸಿವಿಲ್ಲ." ಇಂಥವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊತ್ತು ಹೊತ್ತೇ ಅವನು ದೊಡ್ಡವನಾದ. ಅದು ಗೊತ್ತಿದ್ದುದರಿಂದಲೇ ಅವಳು ಸುಮ್ಮನಿರುತ್ತಿದ್ದಳು. ಅವಳಿದ್ದುದು ಅಕ್ಕನ ಮನೆಯಲ್ಲಿ, ಅಕ್ಕ ಸುಮ್ಮನಿರಬೇಕಲ್ಲ! "ಲಿಫ್ಟ್ ರಿಪೇರಿ ಮಾಡೋನಂತೆ! ನಿನ್ನನ್ನೇ ಎರಡು ಮಹಡಿ ಮಧ್ಯೆ ನಿಲ್ಲಿಸಿಬಿಟ್ಟಿದ್ದಾನಲ್ಲೇ" ಎಂದು ಚುಚ್ಚುತ್ತಿದ್ದಳು.

ಬೆಳಿಗ್ಗೆ ಕಣ್ಣು ಬಿಟ್ಟಾಗ ಅವನು ಮಗ್ಗುಲಲ್ಲಿ ಗೊರಕೆ ಹೊಡೆಯುತ್ತಿರಬೇಕು, ಎಲ್ಲರೆದುರು ಅವನ ಮೇಲೆ ಧೈರ್ಯವಾಗಿ ಸಿಡುಕಬೇಕು. ಅವಳ ಆಸೆ ಇಷ್ಟೇ. ಇದರಿಂದ ಯಾರಪ್ಪನ ಗಂಟು ಹೋಗುತ್ತಿತ್ತೋ!

ಒಂದು ಮಧ್ಯಾಹ್ನ ಬೇರೊಂದು ಕಟ್ಟಡದಲ್ಲಿ ಲಿಫ್ಟಿನ ಬಾಗಿಲಿಗೆ ಸಿಕ್ಕಿ ಅವನ ಎರಡು ಬೆರಳು ಜಜ್ಜಿಹೋದವು. ಜೊತೆ ಕೆಲಸದವನು ಫೋನ್ ಮಾಡಿದ. ಅರ್ಧ ಹೊಲಿದ ಪ್ಯಾಂಟನ್ನು ಯಂತ್ರದಲ್ಲೇ ಬಿಟ್ಟು ಅವಳು ಆಸ್ಪತ್ರೆಗೆ ಓಡಿದಳು. ಕೌಂಟರಿನಲ್ಲಿದ್ದ ಹೆಂಗಸು ತಲೆ ಎತ್ತದೆ ಕೇಳಿದಳು:

"ಅವರು ನಿಮಗೆ ಏನಾಗಬೇಕು?"

ದಿನಕ್ಕೆ ನೂರು ಜನರನ್ನು ಕೇಳುವ ಪ್ರಶ್ನೆ. ಗಂಡ, ತಮ್ಮ, ಮಾವ, ಏನಾದರೊಂದು ಹೇಳಿದರೆ ಬರೆದುಕೊಳ್ಳುತ್ತಾರೆ. ಆದರೆ ಏನಾಗಬೇಕು ಎಂದು ಹೇಳಲಾರದೆ ಅಲ್ಲವೇ ಅವಳು ನಾಲ್ಕು ವರ್ಷದಿಂದ ಒಳಗೊಳಗೇ ಬೇಯುತ್ತಿದ್ದುದು?

"ಪರಿಚಯದವರು" ಅಂದಳು.

ಪಕ್ಕದ ಬೆಂಚಿನಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಅವನಿಗೆ ಅದು ಕೇಳಿಸಿತು. ಬ್ಯಾಂಡೇಜು ಹಾಕಿಸಿಕೊಂಡು ಹೊರಗೆ ಬಂದಮೇಲೆ, "ಪರಿಚಯದವರಾ?" ಎಂದ. ಬೆರಳಿಗಿಂತ ಅದೇ ಹೆಚ್ಚು ನೋಯುತ್ತಿರುವಂತಿತ್ತು.

"ಮತ್ತೇನನ್ಲಿ? ನೀನೇ ಹೇಳ್ಕೊಡು."

ಅವನು ಬ್ಯಾಂಡೇಜಿನ ತುದಿ ಸರಿಮಾಡಿಕೊಳ್ಳತೊಡಗಿದ.

"ಇನ್ಮೇಲೆ ಅಂಗಡಿಗೆ ಬರಬೇಡ ಕಣೋ" ಅಂದಳು. "ಭಾನುವಾರ ಮನೆಗೆ ಬಾ. ನಾನು ನಿನಗೆ ಏನಾಗಬೇಕು ಅಂತ ಅಕ್ಕನ ಮುಂದೆ ಹೇಳು. ಹೇಳೋಕಾಗಲ್ಲ ಅಂದ್ರೆ ಬರಲೇಬೇಡ."

ಭಾನುವಾರ ಅಕ್ಕನ ಮನೆಯ ಬೆಲ್ ಆಗಲಿಲ್ಲ. ಸೋಮವಾರ ಸಂಜೆ ಅವನು ಬಂದ, ಅದೂ ಅಂಗಡಿಗೇ. ಒಂದೇ ಕೈಯಲ್ಲಿ ಎರಡು ಲೋಟ ಹಿಡಿದು ಬಂದಿದ್ದರಿಂದ ಅರ್ಧ ಟೀ ಅಂಗಿಯ ಮೇಲಿತ್ತು.

"ನಿನ್ನೆ ಬಂದಿದ್ದೆ. ಬಾಗಿಲ ತನಕ. ಬೆಲ್ ಒತ್ತೋಕೆ ಆಗ್ಲಿಲ್ಲ."

"ಎಷ್ಟೊತ್ತು ನಿಂತಿದ್ದೆ?" ಗೊತ್ತಿಲ್ಲದವಳ ಹಾಗೆ ಕೇಳಿದಳು.

"ಒಂದೂವರೆ ಗಂಟೆ."

ಆ ಒಂದೂವರೆ ಗಂಟೆಯೂ ಅವಳು ಬಾಗಿಲಿನ ಒಳಗಡೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವನ ಕೆಮ್ಮು ಕೇಳಿಸಿತ್ತು. ಎರಡು ಸಲ ಚಿಲಕದ ಮೇಲೆ ಕೈಯನ್ನೂ ಇಟ್ಟಿದ್ದಳು. ಈಗ ಅದನ್ನೆಲ್ಲ ಹೇಳಿ, ಅಂಗಿಯ ಮೇಲಿನ ಟೀ ಒರೆಸಿ, ಬ್ಯಾಂಡೇಜು ಸುತ್ತಿದ ಆ ಬೆರಳುಗಳನ್ನು ಕೆನ್ನೆಗೆ ಒತ್ತಿಕೊಳ್ಳಬೇಕೆಂದು ಅವಳ ಜೀವ ಹಾತೊರೆಯಿತು. ಆದರೆ ಹೇಳಿದರೆ ಮುಗಿಯಿತು. ನಾಳೆಯಿಂದ ಮತ್ತೆ ಎರಡು ಲೋಟ ಟೀ, ಮತ್ತೆ ನಾಲ್ಕು ವರ್ಷ.

"ಬರೋ ಭಾನುವಾರವೂ ಮನೇಲೇ ಇರ್ತೀನಿ" ಎಂದಳು. "ಅದರಾಚೆ ಗೊತ್ತಿಲ್ಲ."

ಅವನು ಅವಳು ಮುಟ್ಟದ ಲೋಟವನ್ನೂ ಎತ್ತಿಕೊಂಡು ಹೊರಟ. ಅವಳು ಹಿಂದೆ ಓಡಲಿಲ್ಲ. ಓಡದಿರಲು ಯಂತ್ರದ ಪೆಡಲಿನ ಮೇಲೆ ಎರಡೂ ಕಾಲುಗಳನ್ನು ಬಲವಾಗಿ ಒತ್ತಿ ಹಿಡಿಯಬೇಕಾಯಿತು.