ಬೋರಿನ ನೀರು ಕುಡಿದ ಹಲ್ಲು

ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನು ಪಿಯುಸಿ ಓದಲು ಅಲ್ಲಿಗೆ ಹೋದೆ. ಅಲ್ಲಿಯವರೆಗೆ ನನ್ನ ಹಲ್ಲಿನ ಬಣ್ಣ ನನಗೆ ಗೊತ್ತಿರಲಿಲ್ಲ. ಹನುಮಸಾಗರದ ಹತ್ತಿರದ ನಮ್ಮ ಊರಲ್ಲಿ ಅಣ್ಣನ ಹಲ್ಲು, ಗೆಳತಿಯರ ಹಲ್ಲು, ಓಣಿಯ ಹುಡುಗರ ಹಲ್ಲು ಎಲ್ಲವೂ ಒಂದೇ ಥರ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟಿ, ನಡುನಡುವೆ ಸುಣ್ಣ ಮೆತ್ತಿದಂಥ ಮಚ್ಚೆ. ಎಲ್ಲರಿಗೂ ಇದ್ದದ್ದನ್ನು ಯಾರು ನೋಡುತ್ತಾರೆ?

ಹಾಸ್ಟೆಲಿಗೆ ಹೋದ ಹೊಸದರಲ್ಲಿ, ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಗಂಗಾವತಿ ಕಡೆಯ ಹುಡುಗಿಯೊಬ್ಬಳು ನನ್ನ ಬಾಯಿಯನ್ನೇ ನೋಡುತ್ತ ನಿಂತಳು.

"ಹಲ್ಲಿಗೆ ಏನ್ ಹಚ್ಚತಿ? ತಂಬಾಕ?"

"ಇಲ್ಲಪ. ಯಾಕ?"

"ಮತ್ತ ಹಿಂಗ್ಯಾಕ ಅದಾವ?"

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಕುತೂಹಲದಿಂದ ಕೇಳಿದಳು ಅಷ್ಟೆ. ಮುಂದೆ ಅವಳೇ ನನ್ನ ಆಪ್ತ ಗೆಳತಿಯಾದಳು. ಆದರೆ ಆ ದಿನದಿಂದ ನನ್ನ ನೆಮ್ಮದಿ ಹೋಯಿತು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಎದ್ದು ಹೇಳುತ್ತಿರಲಿಲ್ಲ. ಬಸ್ಸಿನ ಕಿಟಕಿಯ ಗಾಜು, ಸ್ಟೀಲಿನ ತಟ್ಟೆ, ಅಂಗಡಿಯ ಕನ್ನಡಿ, ಎಲ್ಲಿ ಮುಖ ಕಂಡರೂ ತುಟಿ ಎತ್ತಿ ನೋಡಿಕೊಳ್ಳುವುದೇ ಕೆಲಸವಾಯಿತು.

ಕಲೆಗೆ ಕಾರಣ ಊಟದಲ್ಲೇ ಇರಬೇಕು ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ಮೊದಲು ಚಹಾ ಬಿಟ್ಟೆ. ಬೆಳಿಗ್ಗೆ ತಲೆ ಸಿಡಿಯುತ್ತಿತ್ತು, ಆದರೂ ಬಿಟ್ಟೆ. ಆಮೇಲೆ ಗುರೆಳ್ಳು ಚಟ್ನಿಯ ಮೇಲೆ ಅನುಮಾನ ಬಂತು. ಅಷ್ಟು ಕಪ್ಪಗಿರುವುದನ್ನು ದಿನಾ ರೊಟ್ಟಿಗೆ ಹಚ್ಚಿಕೊಂಡು ತಿಂದರೆ ಹಲ್ಲು ಬೆಳ್ಳಗೆ ಹೇಗಿದ್ದೀತು? ಅವ್ವ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬಿಯನ್ನು ಗೆಳತಿಗೆ ಕೊಟ್ಟುಬಿಟ್ಟೆ. ಪೇರಲ, ಗಜ್ಜರಿ, ಕಬ್ಬು ಕಡಿದು ತಿಂದರೆ ಹಲ್ಲು ತಾವೇ ಸ್ವಚ್ಛವಾಗುತ್ತವೆ ಎಂದು ಯಾರೋ ಹೇಳಿದರು. ಸಂತೆಯ ದಿನ ಗಜ್ಜರಿ ತಂದು ಓದುವಾಗಲೂ ಕಟಕಟ ಕಡಿಯುತ್ತಿದ್ದೆ. ಅಡುಗೆಮನೆಯ ಇದ್ದಿಲು ಪುಡಿ ಮಾಡಿ ತಿಕ್ಕಿದೆ. ಕೊನೆಗೆ ನಿಂಬೆಹಣ್ಣಿನ ಸಿಪ್ಪೆಗೆ ಉಪ್ಪು ಹಚ್ಚಿ ತಿಕ್ಕತೊಡಗಿದೆ. ಆ ಹುಳಿಗೆ ಹಲ್ಲು ಚುಳುಚುಳು ಅನ್ನುವುದೇ ಕಲೆ ಹೋಗುವ ಲಕ್ಷಣವೆಂದು ತಿಳಿದಿದ್ದೆ.

ಕಲೆ ಹೋಗಲಿಲ್ಲ. ತಣ್ಣೀರು ಬಾಯಿಗೆ ಹಾಕಿದರೆ ನೋವು ಕಿವಿಯವರೆಗೆ ಏರುವಂತಾಯಿತು. ಗೆಳತಿ ಬೈದು ಹಲ್ಲಿನ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದಳು. ಆ ಡಾಕ್ಟರಮ್ಮ ನೋಡಿದವರೇ ಕೇಳಿದರು, "ಯಾವ ಊರು?"

ಹೇಳಿದೆ.

"ಬೋರಿನ ನೀರು ಕುಡಿತೀರಿ?"

"ಹೂಂರಿ." ಚಹಾ ಬಿಟ್ಟದ್ದು, ನಿಂಬೆಹಣ್ಣು, ಇದ್ದಿಲು ತಿಕ್ಕಿದ್ದು ಎಲ್ಲವನ್ನೂ ಗೆಳತಿಯೇ ಹೇಳಿದಳು.

"ಚಹಾದ ಕಲಿ, ಎಲಿ ಅಡಿಕಿ ಕಲಿ ಹಲ್ಲಿನ ಮ್ಯಾಲ ಕೂಡತಾವ. ಕ್ಲೀನ್ ಮಾಡಿದ್ರ ಹೋಗತಾವ. ನಿನ್ನವು ಒಳಗಿನವು. ನೀ ಸಣ್ಣಾಕಿ ಇದ್ದಾಗ, ಈ ಹಲ್ಲು ಇನ್ನೂ ದವಡಿ ಒಳಗ ಬೆಳಿಯುವಾಗ ಕುಡದ ನೀರಿನಾಗ ಫ್ಲೋರೈಡ್ ಜಾಸ್ತಿ ಇತ್ತು. ಈಗ ಏನ್ ತಿಂದ್ರೂ, ಏನ್ ಬಿಟ್ರೂ ಹೋಗಂಗಿಲ್ಲ. ಮೊದಲ ಆ ನಿಂಬಿಹಣ್ಣು, ಇದ್ದಿಲು ಬಿಡು. ಹಲ್ಲು ಸವದಾವ. ಹಾಲು ಮೊಸರು ತಿನ್ನು. ಚಹಾ ಕುಡಿ ಬೇಕಾದ್ರ, ಕುಡದ ಮ್ಯಾಲ ಬಾಯಿ ಮುಕ್ಕಳಿಸು."

ಹಲ್ಲು ಹುಟ್ಟುವ ಮೊದಲೇ ಕೆಟ್ಟಿತ್ತು ಎಂಬ ಮಾತು ನನಗೆ ಸಮಾಧಾನ ಕೊಡಲಿಲ್ಲ. ಅಷ್ಟು ದಿನ ಬಿಡಲು ಏನಾದರೊಂದು ಇತ್ತು, ತಿಕ್ಕಲು ಏನಾದರೊಂದು ಇತ್ತು. ಈಗ ಏನೂ ಇರಲಿಲ್ಲ. ಹಾಸ್ಟೆಲಿಗೆ ಬಂದವಳೇ ಒಂದು ದೊಡ್ಡ ಲೋಟ ಚಹಾ ಕುಡಿದೆ.

ಕೆಲವು ವರ್ಷಗಳ ನಂತರ ಆನೆಗೊಂದಿ ಕಡೆಯವರು ನನ್ನನ್ನು ನೋಡಲು ಬಂದರು. ಹುಡುಗನ ಸೋದರತ್ತೆ, "ಒಂಚೂರು ನಗವಾ," ಅಂದರು. ನಾನು ನಗಲಿಲ್ಲ. ಬಾಯಿ ತೆರೆದು ಹಲ್ಲು ತೋರಿಸಿದೆ. "ನೀರಿನ ಕಲಿ ಅದಾವ್ರಿ. ಹೋಗಂಗಿಲ್ಲ," ಅಂದೆ. ಹುಡುಗನೇ, "ನಮ್ಮ ಕಡೆ ಹೊಳಿ ನೀರು ಐತಿ, ಬರ್ಲಿ ಬಿಡ್ರಿ," ಅಂದ. ಹೊಳೆಯ ನೀರು ಕುಡಿದರೆ ಕಲೆ ಹೋಗುತ್ತದೆಂದು ಅವನು ತಿಳಿದಿದ್ದ ಎಂಬುದು ಗೊತ್ತಾದದ್ದು ಮದುವೆಯಾದ ಮೇಲೆ. ಹೋಗುವುದಿಲ್ಲ ಎಂದು ತಿಳಿದಾಗ, "ಇರ್ಲಿ ಬಿಡು," ಅಂದು ಗದ್ದೆಗೆ ನೀರು ಹಾಯಿಸಲು ಹೋದ.

ನನ್ನ ನಿಜವಾದ ಕಳವಳ ಶುರುವಾದದ್ದು ಮಗಳು ಹುಟ್ಟಿದ ಮೇಲೆ. ಡಾಕ್ಟರಮ್ಮನ ಮಾತು ತಲೆಯಲ್ಲೇ ಇತ್ತು. ಮುಂದೆ ಬರುವ ಹಲ್ಲುಗಳು ಈಗ ಅವಳ ದವಡೆಯೊಳಗೆ ಬೆಳೆಯುತ್ತಿವೆ. ತವರಿಗೆ ಹೋಗುವಾಗಲೆಲ್ಲ ಹೊಳೆನೀರಿನ ಕ್ಯಾನು ಹೊತ್ತು ಹೊರಟೆ. ಗಂಗಾವತಿಯಲ್ಲಿ ಒಂದು ಬಸ್ಸು, ಕುಷ್ಟಗಿಯಲ್ಲಿ ಇನ್ನೊಂದು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ನೀರು. "ನಿಮ್ಮ ಊರಾಗ ನೀರಿಲ್ಲೇನ?" ಎಂದು ಅತ್ತೆ ಮುಗುಳ್ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಮಗಳಿಗೆ ಎರಡು ತುಂಬಿ ಮೂರು ನಡೆಯುತ್ತಿದ್ದಾಗ, ಕುಷ್ಟಗಿ ದಾಟಿದ ಮೇಲೆ ಬಸ್ಸು ತಗ್ಗಿನಲ್ಲಿ ಎಗರಿ ಕ್ಯಾನು ಉರುಳಿತು. ಮುಚ್ಚಳ ಹಾರಿ ನೀರೆಲ್ಲ ಸೀಟುಗಳ ಕೆಳಗೆ ಹರಿಯಿತು. ಜನ ಚಪ್ಪಲಿ ಎತ್ತಿಕೊಂಡು ಬೈದರು. ನಾನು ಕ್ಯಾನು ಎತ್ತಿ ಅಲುಗಾಡಿಸಿ ನೋಡಿದೆ. ತಳದಲ್ಲಿ ಒಂದು ಗುಟುಕಿನಷ್ಟೂ ಉಳಿದಿರಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಕೂಸು ನೀರಿಗಾಗಿ ಅಳುತ್ತಿತ್ತು. ಅವ್ವ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಮುಂಜಾನೆನ ಕುದಿಸೀನಿ. ಅರಿವ್ಯಾಗ ಸೋಸಿ ಆರಿಸೀನಿ. ಕುಡಿಸು."

ನಾನು ಕೈ ಚಾಚಲಿಲ್ಲ.

"ಯಾಕ? ನಮ್ಮನಿ ನೀರು ವಿಷ ಆತೇನ ನಿನಗ? ಇದ ನೀರು ಕುಡಿಸಿ ನಿನ್ನ ಬೆಳೆಸೀನಿ."

"ಕುದಿಸಿದ್ರ ಅದು ಹೋಗಂಗಿಲ್ಲವ್ವಾ. ನೀರು ಇಂಗಿದಷ್ಟು ಜಾಸ್ತಿನ ಆಗತೈತಿ."

"ಯಾವದು?"

ಹೇಳಿದೆ. ಹಿಂದೆಯೂ ಹೇಳಿದ್ದೆ, ಆದರೆ ಆಗ ಅವಳು ರೊಟ್ಟಿ ಬಡಿಯುತ್ತ ಹೂಂಗುಟ್ಟಿದ್ದಳು. ಈ ಸಲ ತಂಬಿಗೆ ಹಿಡಿದೇ ಪೂರ್ತಿ ಕೇಳಿದಳು. ಕೂಸು ಅಳುತ್ತಲೇ ಇತ್ತು.

"ಹಂಗಾದ್ರ," ಅಂದಳು, "ನಿನ್ನ ಹಲ್ಲು ನಾನ ಕೆಡಿಸೀನಿ."

"ಯಾರಿಗೆ ಗೊತ್ತಿತ್ತವ್ವಾ?"

ಅವಳು ತಂಬಿಗೆಯ ನೀರನ್ನು ಅಂಗಳದ ಕರಿಬೇವಿನ ಬುಡಕ್ಕೆ ಸುರಿದು ಕೊಟ್ಟಿಗೆಗೆ ಹೋದಳು. ಕರೆಯುವ ಹೊತ್ತಲ್ಲದ ಹೊತ್ತಿನಲ್ಲಿ ಎಮ್ಮೆಯನ್ನು ಪುಸಲಾಯಿಸಿ ಒಂದಿಷ್ಟು ಹಾಲು ಕರೆದು, ಕಾಸಿ ಆರಿಸಿ ತಂದಳು.

"ಹಾಲಿನಾಗ ಇಲ್ಲಲ್ಲ ಅದು?"

"ಇಲ್ಲ ಅನ್ನೂವಷ್ಟು ಕಡಿಮಿ ಇರತೈತವ್ವಾ."

"ಕುಡಿ ನನ್ನವ್ವಾ," ಎಂದು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಮರುದಿನ ಅಣ್ಣನನ್ನು ಹೊರಡಿಸಿ ಕುಷ್ಟಗಿಯಿಂದ ಅಂಗಡಿಯ ಬಾಟಲಿ ನೀರು ತರಿಸಿದಳು. ನಾನಿದ್ದಷ್ಟು ದಿನವೂ ಆ ವಿಷಯ ಮತ್ತೆ ಎತ್ತಲಿಲ್ಲ. ಆದರೆ ನಾನು ಮಾತಾಡುವಾಗಲೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅದನ್ನು ನನಗೆ ತಡೆಯಲಾಗಲಿಲ್ಲ. ಎರಡು ದಿನ ಮೊದಲೇ ಊರಿಗೆ ಹೊರಟೆ.

ಮುಂದಿನ ಮಳೆಗಾಲದಲ್ಲಿ ಹೋದಾಗ ಮಾಳಿಗೆಯ ಮಳೆನೀರು ಬೀಳುವ ದೋಣಿಯ ಕೆಳಗೆ ಬಿಳಿ ಅರಿವೆ ಕಟ್ಟಿದ ಹಂಡೆ ಇತ್ತು. ಊರಿಗೆ ಬರುವ ನರ್ಸಮ್ಮನನ್ನು ಕೇಳಿ ತಿಳಿದುಕೊಂಡಿದ್ದಳಂತೆ. "ಇದು ಮುಗಿಲ ನೀರು. ಇದರಾಗ ಇರಂಗಿಲ್ಲಂತ ಅದು," ಅಂದಳು. ಅಣ್ಣನ ಮಗನಿಗೂ ಅದೇ ನೀರು ಕಾಸಿ ಆರಿಸಿ ಕೊಡುತ್ತಿದ್ದಳು.

ಆಮೇಲೆ ಕಾಯುವ ವರ್ಷಗಳು. ಮಗಳ ಹಾಲುಹಲ್ಲು ಬೆಳ್ಳಗಿದ್ದವು. ಅವು ಬಿದ್ದ ಮೇಲೆ ಏನು ಬರುತ್ತದೋ ಎಂದು ನನಗೆ ದಿಗಿಲು. ಮೊದಲ ಹಲ್ಲು ಅಲುಗಾಡತೊಡಗಿದಾಗ ಮಗಳು ಕುಣಿದಳು. ನನಗೆ ಊಟ ಸೇರಲಿಲ್ಲ. ಹೊಸ ಹಲ್ಲು ಒಸಡು ಸೀಳಿ ಬಂದು ಅರ್ಧ ಬೆಳೆದಾಗ, ಪಕ್ಕದ ಹಾಲುಹಲ್ಲಿಗಿಂತ ಹಳದಿಯಾಗಿ ಕಂಡಿತು. ಆಗ ಅವ್ವ ನಮ್ಮಲ್ಲಿಗೆ ಬಂದಿದ್ದಳು. ಇಬ್ಬರೂ ಮಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ, ನೆರಳಿನಲ್ಲಿ ನಿಲ್ಲಿಸಿ ನೋಡಿದೆವು. ಆ ಮಧ್ಯಾಹ್ನವೇ ಗಂಗಾವತಿಯ ಬಸ್ಸು ಹತ್ತಿದೆವು.

ಅಲ್ಲಿನ ಡಾಕ್ಟರು ಲೈಟು ಹಿಡಿದು ನೋಡಿ, "ಕಲಿ ಏನಿಲ್ಲಮ್ಮಾ. ಹಾಲುಹಲ್ಲಿಗಿಂತ ಕಾಯಂ ಹಲ್ಲು ಸ್ವಲ್ಪ ಹಳದಿನ ಇರತಾವ. ಎಲ್ಲಾ ಬಿದ್ದು ಎಲ್ಲಾ ಹುಟ್ಟಿದ ಮ್ಯಾಲ ಹಂಗ ಕಾಣಂಗಿಲ್ಲ," ಅಂದರು. ಮಗಳನ್ನು ಕುರ್ಚಿಯಿಂದ ಇಳಿಸಿ ಹೊರಡಲು ಚೀಲ ಎತ್ತಿಕೊಂಡೆ.

ಅವ್ವ ಏಳಲಿಲ್ಲ.

"ಸಾಹೇಬ್ರ, ಈಕಿವು ಒಂದಿಷ್ಟು ನೋಡ್ರಿ," ಅಂದಳು, ನನ್ನತ್ತ ಕೈ ಮಾಡಿ. "ಏನರ ಮಾಡಾಕ ಬರತೈತೇನ್ರಿ?"

"ಅವ್ವಾ, ಈಗ ಯಾಕದು?"

"ನೀ ಸುಮ್ನ ಕುಂದ್ರು."

ಮಗಳು ಇಳಿದ ಕುರ್ಚಿಯಲ್ಲಿ ನಾನು ಕೂತೆ. ಡಾಕ್ಟರು ನೋಡುವಾಗ ಅವ್ವ ಅವರ ಹೆಗಲ ಪಕ್ಕದಿಂದ ಬಗ್ಗಿ ನನ್ನ ಬಾಯೊಳಗೆ ನೋಡಿದಳು, ಇದೇ ಮೊದಲು ಕಂಡವಳ ಹಾಗೆ. ಮುಂದಿನ ಹಲ್ಲುಗಳ ಮೇಲೆ ಹಲ್ಲಿನ ಬಣ್ಣದ ಲೇಪ ಹಚ್ಚಬಹುದು ಎಂದರು ಡಾಕ್ಟರು. ನಾಲ್ಕೈದು ಸಲ ಓಡಾಡಿದ ಮೇಲೆ ಅದು ಮುಗಿಯಿತು.

ಅವ್ವ ನನ್ನ ಗದ್ದ ಹಿಡಿದು ನೋಡಿದಳು. "ಛಲೋ ಆತು," ಅಂದಳು. ಗದ್ದ ಬಿಟ್ಟು, "ಮಂದಿ ಮನಿ ಮಗಳ ಹಂಗ ಕಾಣ್ತಿ," ಅಂದಳು.

ಈಚೆಗೆ ಸಜ್ಜೆಯ ಕಡಕ್ ರೊಟ್ಟಿ ತಿನ್ನುವಾಗ ಒಂದು ಹಲ್ಲಿನ ಲೇಪ ಅಂಚಿನಲ್ಲಿ ಚಕ್ಕೆ ಎದ್ದಿದೆ. ಕೆಳಗಿನ, ಅವ್ವನ ಮನೆಯ ನೀರಿನ ಕಂದು ಬಣ್ಣ ಎಳ್ಳಿನಷ್ಟು ಕಾಣುತ್ತದೆ, ನಾಲಿಗೆ ಹೋಗಿ ಹೋಗಿ ಅದನ್ನೇ ಸವರುತ್ತದೆ. ಮತ್ತೆ ಹಚ್ಚಿಕೊಡುತ್ತೇನೆ ಬನ್ನಿ ಎಂದು ಡಾಕ್ಟರು ಹೇಳಿದ್ದಾರೆ. ಈ ವಾರ ಹೋಗಬೇಕು ಅಂದುಕೊಳ್ಳುತ್ತೇನೆ. ವಾರ ಕಳೆದುಹೋಗುತ್ತದೆ.