ಅಕ್ಕನನ್ನು ಮಾತಾಡಿಸಲು ಬಂದವರು

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ನೆಂಟರಿಷ್ಟರು ಹೋಗಿ ಒಂದು ಗಳಿಗೆ ಕೂತು ಬರಬೇಕು. ಅದಕ್ಕೆ ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತೇವೆ. ಹೋಗುವವರು ಒಂದು ಚಿಪ್ಪು ಬಾಳೆಹಣ್ಣಾದರೂ ಒಯ್ಯಬೇಕು, ಮನೆಯವರು ಊಟ ಹಾಕಿಯೇ ಕಳಿಸಬೇಕು. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಎರಡು ಕಡೆಯವರೂ ಸಾಯುವತನಕ ಮರೆಯುವುದಿಲ್ಲ. ಜ್ವರಕ್ಕೆ, ಕಾಲುಮುರಿತಕ್ಕೆ ಈ ಪದ್ಧತಿ ಒಳ್ಳೆಯದೇ. ಮನಸ್ಸು ಕುಗ್ಗಿದವರಿಗೆ ಇದರಿಂದ ಏನಾಗುತ್ತದೆ ಎಂಬುದನ್ನು ನಾನು ತಿರುಮಕೂಡಲಿನ ನಮ್ಮ ಮನೆಯಲ್ಲಿ, ಅವರೆಕಾಯಿ ಕಾಲದಲ್ಲಿ, ಕಣ್ಣಾರೆ ಕಂಡೆ.

ನಾನು ನಂಜನಗೂಡಿನಿಂದ ಈ ಮನೆಗೆ ಸೊಸೆಯಾಗಿ ಬಂದು ಆಗ ಹೆಚ್ಚು ಕಾಲವಾಗಿರಲಿಲ್ಲ. ಮನೆಯಲ್ಲಿ ಅತ್ತೆ, ಭಾವ, ನನ್ನ ಯಜಮಾನರು, ಭಾವನ ಹೆಂಡತಿ. ಆಕೆ ನನಗೆ ವಾರಗಿತ್ತಿ. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ನನಗೆ ಆ ಮನೆಯ ಒಲೆ ಉರಿಸುವುದನ್ನು, ಅತ್ತೆಯ ಮುಖ ನೋಡಿ ಸಾರಿಗೆ ಎಷ್ಟು ಖಾರ ಹಾಕಬೇಕೆಂದು ತಿಳಿಯುವುದನ್ನು ಕಲಿಸಿಕೊಟ್ಟವಳು ಅವಳೇ.

ಕಾರಣವೇನೂ ಇರಲಿಲ್ಲ. ಇದ್ದರೂ ನಮಗೆ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಎರಡು ಗಡಿಗೆಗಳನ್ನು ಮುಂದಿಟ್ಟುಕೊಂಡು ಯಾವುದನ್ನು ಮೊದಲು ಒಲೆಗೆ ಏರಿಸಬೇಕೆಂದು ತಿಳಿಯದೆ ಬಿಸಿಲು ಜಗಲಿಗೆ ಬರುವತನಕ ನಿಂತೇ ಇದ್ದಳು. ಆಮೇಲಾಮೇಲೆ ಹೊಸಿಲಿನ ಒಳಗೊಂದು ಕಾಲು ಹೊರಗೊಂದು ಕಾಲು ಇಟ್ಟು ನಿಂತುಬಿಡುವುದು, ಬಡಿಸಿದ ಮುದ್ದೆ ಹಾಗೇ ಆರಿ ಗಟ್ಟಿಯಾಗುವುದು, ಕೇಳಿದ್ದಕ್ಕೆ ಉತ್ತರವಿಲ್ಲದಿರುವುದು ಶುರುವಾಯಿತು. ಪಂಡಿತರು ನಾಡಿ ನೋಡಿ ನೆತ್ತಿಗೆ ಹರಳೆಣ್ಣೆ ಒತ್ತಿಸಲು ಹೇಳಿದರು. ಒತ್ತಿದೆವು. ಎಣ್ಣೆ ನೆತ್ತಿಯಿಂದ ಕಿವಿಗೆ ಇಳಿಯಿತು, ಅಷ್ಟೇ.

ಅತ್ತೆ ಕೆಟ್ಟವರಲ್ಲ. ಆದರೆ ಎಲ್ಲಕ್ಕೂ ಒಂದು ಗಡುವು ಬೇಕು ಅವರಿಗೆ. ಸಂಕ್ರಾಂತಿಯೊಳಗೆ ಸರಿಹೋಗದಿದ್ದರೆ ಮೂಗೂರಿಗೆ, ಅಕ್ಕನ ತವರಿಗೆ, ಹೇಳಿಕಳಿಸುವುದು. ಅಣ್ಣ ಬಂದು ಕರೆದುಕೊಂಡು ಹೋಗಲಿ, ಪೂರಾ ವಾಸಿಯಾದ ಮೇಲೆ ತಂದು ಬಿಡಲಿ ಎಂದರು. ಅದನ್ನು ಕೇಳಿದ ದಿನ ಅಕ್ಕ ನೀರು ಕೂಡ ಕುಡಿಯಲಿಲ್ಲ. ನಮ್ಮ ಬೀದಿಯ ಒಬ್ಬಾಕೆ ಹೀಗೇ ವಾಸಿಯಾಗಲೆಂದು ತವರಿಗೆ ಹೋಗಿದ್ದಳು. ಅವಳು ವಾಸಿಯಾಗಿ ಬರುವಷ್ಟರಲ್ಲಿ ಅವಳ ಗಂಡನ ಮನೆಯ ಒಲೆಮುಂದೆ ಬೇರೊಬ್ಬಳು ಕೂತಿದ್ದಳು. ತವರಲ್ಲಿ ಅಕ್ಕನ ಅಪ್ಪ ಅವ್ವ ಇರಲಿಲ್ಲ. ಮನೆ ಅತ್ತಿಗೆಯ ಕೈಯಲ್ಲಿತ್ತು.

ಸುದ್ದಿ ಹರಡಿ ಜನ ಬರತೊಡಗಿದರು. ಬಂದವರೆಲ್ಲ ಮೊದಲು ಹೇಳುವುದು ಒಂದೇ ಮಾತು: ಏನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎರಡನೆಯ ಮಾತಿಗೆ ತಮಗೆ ಗೊತ್ತಿರುವವರಲ್ಲಿ ಯಾರು ಯಾರು ಮನಸ್ಸಿಗೆ ಹಚ್ಚಿಕೊಂಡು ಯಾವ ಯಾವ ಬಾವಿಗೆ ಬಿದ್ದರು ಎಂದು ಶುರುಮಾಡುತ್ತಿದ್ದರು. ಬಾವಿಯ ಆಳ, ಕಟ್ಟೆಯ ಎತ್ತರ, ಮೇಲೆತ್ತಲು ಎಷ್ಟು ಹಗ್ಗ ಬೇಕಾಯಿತು ಎಲ್ಲ ವಿವರವಾಗಿ. ಒಬ್ಬಾಕೆ ಸದಾ ನಗುನಗುತ್ತಿರಬೇಕು ಎಂದಳು. ಮಾರನೆಯ ದಿನ ಬಂದವಳು, ನಗಲು ಮಾತ್ರ ಬಿಡಬೇಡಿ, ಆಮೇಲೆ ನಿಲ್ಲಿಸುವುದು ಕಷ್ಟ ಎಂದಳು. ದೂರದ ಮಾವನೊಬ್ಬ ಹೆಂಗಸರ ಕೋಣೆಗೆ ಬರುವುದು ಸರಿಯಲ್ಲವೆಂದು ಹಟ್ಟಿ ಅಂಗಳದಲ್ಲೇ ನಿಂತು, ಧೈರ್ಯ ತಂದುಕೋ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಉಂಡು ಹೋದ. ಇನ್ನೊಬ್ಬ ಮುದುಕಿ ಅಕ್ಕನ ಕೈ ಹಿಡಿದುಕೊಂಡು ಸಮಾಧಾನ ಹೇಳುತ್ತ ಹೇಳುತ್ತ ನಿದ್ದೆ ಹೋದಳು. ಅಕ್ಕ ಕೈ ಬಿಡಿಸಿಕೊಂಡರೆ ಎಚ್ಚರವಾದೀತೆಂದು ಹಾಗೇ ಕೂತಿದ್ದಳು. ಆ ಕಾಲದಲ್ಲಿ ಅಕ್ಕನಿಂದ ಯಾರಿಗಾದರೂ ಉಪಕಾರವಾಗಿದ್ದರೆ ಆ ಮುದುಕಿಗೆ.

ಇತ್ತ ನಡುಮನೆಯ ತೊಲೆಗೆ ಬಾಳೆಹಣ್ಣು ಕಟ್ಟಿ ಕಟ್ಟಿ ಜಾಗ ಉಳಿಯಲಿಲ್ಲ. ಹಸುಗಳಿಗೂ ಸಾಕಾಗಿ ಮುಖ ತಿರುಗಿಸುತ್ತಿದ್ದವು. ಬಂದವರಿಗೆಲ್ಲ ಅನ್ನ ಮಾಡಿ ಮನೆಯಲ್ಲಿ ಕುಟ್ಟಿದ್ದ ಅಕ್ಕಿ ತಳಮುಟ್ಟಿತು.

ಭತ್ತ ಕುಟ್ಟುವುದು ಒಬ್ಬರ ಕೆಲಸವಲ್ಲ. ಒರಳಿನ ಎರಡು ಕಡೆ ಇಬ್ಬರು ನಿಂತು ಒಬ್ಬರ ಒನಕೆ ಇಳಿಯುವಾಗ ಇನ್ನೊಬ್ಬರದು ಏಳಬೇಕು. ನನಗೆ ಬೇರೆ ಜೊತೆಯಿರಲಿಲ್ಲ. ಅದಕ್ಕೇ ಅಕ್ಕನನ್ನು ಎಬ್ಬಿಸಿಕೊಂಡು ಹೋಗಿ ಕೈಗೆ ಒನಕೆ ಕೊಟ್ಟೆ. ಇದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ. ಹೊಸಿಲಿನ ಮೇಲಾದರೆ ನಡುವೆ ನಿಂತುಬಿಡಬಹುದು, ಒರಳಿನ ಮುಂದೆ ನಿಂತರೆ ಒನಕೆಗೆ ಒನಕೆ ಬಡಿಯುತ್ತದೆ. ಅವಳು ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಕಳೆದ ಮೇಲೆ ಒರಳನ್ನೇ ನೋಡುತ್ತ ಮಾತಾಡಿದಳು.

“ಬೆಳಿಗ್ಗೆ ಕಣ್ಬುಟ್ರೆ ಎದ್ರಿಕೆ ಆಯ್ತದೆ ಕನವ್ವ. ಯಾಕೆ ಅಂತ ಕೇಳ್ಬ್ಯಾಡ. ನಂಗೂ ಗೊತ್ತಿಲ್ಲ.”

ನಾನು ಕೇಳಲಿಲ್ಲ, ಕೇಳಲು ಉಸಿರಿರಲಿಲ್ಲ. ಒನಕೆ ಇಳಿದಾಗಲೆಲ್ಲ ಹೂಂ, ಹೂಂ ಎನ್ನುತ್ತಿದ್ದೆ, ಯಾರು ಕುಟ್ಟಿದರೂ ಬರುವ ಸದ್ದು ಅದು. ಅವಳು ಹೇಳುತ್ತಲೇ ಹೋದಳು. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಬಾವಿಯ ಕಥೆಯಿಲ್ಲ, ನಡುವೆ ಬುದ್ಧಿ ಹೇಳುವವರಿಲ್ಲ. ಒರಳಿನ ಭತ್ತ ಮುಗಿದಾಗ ಅವಳ ಮಾತೂ ನಿಂತಿತು. ಆ ಮಧ್ಯಾಹ್ನ ಅರ್ಧ ಮುದ್ದೆ ಉಂಡಳು.

ಅಲ್ಲಿಂದ ನಾನು ದಿನಾ ಕುಟ್ಟಲು ಏನಾದರೊಂದು ಹುಡುಕತೊಡಗಿದೆ. ಭತ್ತ ಮುಗಿದರೆ ಮೆಣಸಿನಕಾಯಿ, ಅದು ಮುಗಿದರೆ ಅರಿಸಿನ, ಅದೂ ಮುಗಿದ ದಿನ ಕುಟ್ಟಿದ ಅಕ್ಕಿಯನ್ನೇ ಮತ್ತೆ ಕುಟ್ಟಿ ಹಿಟ್ಟು. ದುಃಖವನ್ನು ಹೇಗೆ ಹೇಳುವುದೆಂದು ತಿಳಿಯದೆ ಅಕ್ಕ ಕಾಳು ಅಳೆಯುವ ಹಾಗೆ ಹೇಳುವುದು ಕಲಿತಳು. ಎದ್ದ ಕೂಡಲೇ ನಾನು, “ಅಕ್ಕ, ಇವತ್ತೆಷ್ಟದೆ?” ಎಂದು ಕೇಳುವುದು. ಅವಳು ಎದೆ ಮುಟ್ಟಿ ನೋಡಿಕೊಂಡು, ಒಂದು ಕೊಳಗ ಎನ್ನುವಳು. ಕೊಳಗವಿದ್ದ ದಿನ ಅವಳಿಗೆ ಅಡುಗೆಯಿಲ್ಲ. ಕಪಿಲೆಗೆ ಹೋಗಿ ಬಟ್ಟೆ ಒಗೆದು ಬಿಸಿಲಲ್ಲಿ ಕೂತು ಬರುವುದು. ಸೇರಿನಷ್ಟಿದ್ದ ದಿನ ಅವಳು ಸೊಪ್ಪು ಸೋಸುವುದು. ಪಾವಿಗೆ ಇಳಿದ ದಿನ ಸಾರಿಗೆ ಒಗ್ಗರಣೆ ಹಾಕುವುದೂ ಅವಳೇ. ಒಂದು ದಿನ ಕೊಳಗ, ಮರುದಿನ ಪಾವು, ಅದರ ಮರುದಿನ ಮತ್ತೆ ಕೊಳಗ, ಹೀಗೇ ಏರಿ ಇಳಿದು ನಿಧಾನಕ್ಕೆ ಪಾವಿನ ದಿನಗಳೇ ಹೆಚ್ಚಾದವು. ಹಬ್ಬ ಹತ್ತಿರ ಬರುವಷ್ಟರಲ್ಲಿ ಅವಳು ಕೊಟ್ಟಿಗೆಯಲ್ಲಿ ಹಸುವನ್ನು ಗದರುವುದು ಕೇಳಿಸಿ ನಾನು ಕೆಲಸ ಬಿಟ್ಟು ಹೋಗಿ ಇಣುಕಿ ನೋಡಿದೆ.

ಕಷ್ಟ ಬಂದದ್ದು ಅಲ್ಲೇ. ಅಕ್ಕ ಎದ್ದು ಓಡಾಡತೊಡಗಿದರೂ ಬರುವವರು ಇನ್ನೂ ಮುಗಿದಿರಲಿಲ್ಲ. ನಂಜನಗೂಡಿನಿಂದ ನನ್ನ ಅವ್ವ ಗಾಡಿ ಕಟ್ಟಿಸಿಕೊಂಡು ಬರುತ್ತಾಳೆಂದು ಸುದ್ದಿ ಬಂತು. ಅಷ್ಟು ದೂರದಿಂದ ಬರುವವರ ಎದುರಿಗೆ ಕಾಯಿಲೆಯವಳು ಸಗಣಿ ಬಾಚುತ್ತ ನಿಂತರೆ ಮರ್ಯಾದೆ ಏನು ಉಳಿಯಿತು? ಅತ್ತೆ ಅಕ್ಕನ ಕೈಯಿಂದ ಮಂಕರಿ ಕಸಿದುಕೊಂಡರು.

“ಅವ್ರು ಬಂದೋಗೋಗಂಟ ಮನೀಕೊ ಕನಮ್ಮಿ. ಪಾಪ, ಅಷ್ಟ್ ದೂರದಿಂದ ಬತ್ತಾವ್ರೆ.”

“ನಂಗೇನಾಗದೆ ಅಂತ ಮನಿಕ್ಕೊಳ್ಳನೆ ಅತ್ತೆ?”

“ಏನೂ ಆಗ್ದಿದ್ರೂ ಮನೀಕೊ. ಅವ್ರೂ ನೆಮ್ದಿಯಾಗಿ ಮಾತಾಡ್ಸ್ಕೊಂಡ್ ಓಗ್ಲಿ.”

ಅಕ್ಕ ಮಲಗಿದಳು. ನಾನೇ ಕಂಬಳಿ ಹೊದಿಸಿದೆ. ಅವ್ವ ರಸಬಾಳೆಯ ಗೊನೆಯನ್ನೇ ಇಳಿಸಿ, ಪಕ್ಕದಲ್ಲಿ ಕೂತು, ಏನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಶುರುಮಾಡಿದಳು. ನಮ್ಮೂರ ಕಡೆಯ ಬಾವಿಯೊಂದರ ಕಥೆಗೆ ಬರುವ ಹೊತ್ತಿಗೆ ಕಂಬಳಿಯೊಳಗೆ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಸದ್ದು ಬರದ ಹಾಗೆ ಬಾಯಿಗೆ ಸೆರಗು ತುರುಕಿಕೊಂಡಳೆಂದು ಕಾಣುತ್ತದೆ, ಮೈ ಮಾತ್ರ ಗಡಗಡ ಅಲುಗಾಡಿತು. ಅವ್ವ ಗಾಬರಿಯಾಗಿ ಇದು ನಡುಕ, ಒಳಗೆ ಸೇರಿಕೊಂಡುಬಿಟ್ಟಿದೆ, ಇಂಥದಕ್ಕೆ ತವರಿನ ಗಾಳಿಯೇ ಆಗಬೇಕು ಎಂದಳು. ನಾನು ಅವ್ವನಿಗೆ ಕಣ್ಸನ್ನೆ ಮಾಡಿದೆ. ನನಗೂ ಕಾಯಿಲೆ ಹತ್ತಿದೆಯೇನೋ ಎಂಬಂತೆ ನೋಡಿದಳು.

ಮಲಗಿಸಿದವರು ಅತ್ತೆಯೇ. ಆದರೂ ಅವ್ವನ ಗಾಡಿ ಹೋದ ಮೇಲೆ ಅವರು ಕಂಬಕ್ಕೊರಗಿ ಬಹಳ ಹೊತ್ತು ಯೋಚಿಸಿದರು. ಇಷ್ಟು ಜನ ಬಂದು ನೋಡಿ ಹೇಳಿದ ಮೇಲೆ ಕಾಯಿಲೆ ಇದ್ದರೂ ಇರಬಹುದು ಎನ್ನಿಸಿತಂತೆ. ಮಾರನೆಯ ದಿನವೇ ಮೂಗೂರಿಗೆ ಹೇಳಿಕಳಿಸಿದರು. ಅಕ್ಕ ಅದು ನಗು ಎಂದು ಹೇಳಿ ನೋಡಿದಳು. ಸುಮ್ಮಸುಮ್ಮನೆ ನಗು ಬಂದರೆ ಅದೂ ಅದೇ ಲೆಕ್ಕ ಎಂದರು ಅತ್ತೆ. ಭಾವನನ್ನು ಕೇಳಿದರೆ, ತಮ್ಮ ಅವ್ವ ಹೇಳಿದ ಹಾಗೆ ಎಂದು ಗದ್ದೆಗೆ ಹೋದರು. ಆ ಬೆಳಿಗ್ಗೆ ನಾನು ಕೇಳುವ ಮೊದಲೇ ಅಕ್ಕ, ಕೊಳಗ ಎಂದಳು.

ಹಬ್ಬಕ್ಕೆ ಮುಂಚೆ ಒಂದು ದಿನ ಮೂಗೂರಿನಿಂದ ಅಕ್ಕನ ಅಣ್ಣನ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಅಣ್ಣ ಸಾಧು ಮನುಷ್ಯ. ಗಾಡಿಯಲ್ಲಿ ಹೊಸ ಹುಲ್ಲು ಹಾಸಿ ಮೇಲೆ ಜಮಖಾನ ಹಾಕಿಕೊಂಡು ಬಂದಿದ್ದ. ಕಾಲು ತೊಳೆದು, ಉಂಡು, ಎಲೆಯಡಿಕೆ ಹಾಕಿಕೊಂಡು ಕಾಯುತ್ತ ಕೂತ. ಅಕ್ಕ ಸೀರೆ ಗಂಟು ಹಿಡಿದು ನಡುಮನೆಯಿಂದ ಬಂದವಳು ಹೊಸಿಲ ಒಳಗೇ ನಿಂತಳು. ಹಳೆಯದು ಮತ್ತೆ ಶುರುವಾಯಿತೆಂದುಕೊಂಡೆ. ಹಾಗಲ್ಲ. ಗಂಟನ್ನು ಕೆಳಗಿಟ್ಟು ಅತ್ತೆಯ ಮುಖವನ್ನೇ ನೋಡಿ ಮಾತಾಡಿದಳು.

“ನಾನು ಓಗಕ್ಕಿಲ್ಲ ಅತ್ತೆ. ಇಲ್ಲೇ ವಾಸಿ ಆಗ್ತೀನಿ, ಆಗ್ದಿದ್ರೂ ಇಲ್ಲೇ ಇರ್ತೀನಿ.”

ಸೊಸೆಯೊಬ್ಬಳು ಆ ಮನೆಯಲ್ಲಿ ಹಾಗೆ ಹೇಳಿದ್ದು ಅದೇ ಮೊದಲು. ಅತ್ತೆ ಬಯ್ಯುತ್ತಾರೆಂದು ಕಾದೆವು. ಬಯ್ಯಲಿಲ್ಲ. ಅವರಿಗೆ ಬೇರೆಯೇ ಚಿಂತೆ ಹತ್ತಿತ್ತು. ಹೆಣ್ಣನ್ನು ಕರೆಯಲೆಂದು ಬಂದ ಗಾಡಿ ಬಾಗಿಲಿನಿಂದ ಖಾಲಿ ತಿರುಗಬಾರದು. ತಿರುಗಿದರೆ ಎರಡು ಮನೆಗೂ ಆಗಿಬರುವುದಿಲ್ಲ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಅಣ್ಣನೂ ತಲೆ ಕೆರೆದುಕೊಂಡ. ಭತ್ತದ ಮೂಟೆ ಹಾಕಿ ಕಳಿಸೋಣವೆಂದು ನನ್ನ ಯಜಮಾನರು ಸೂಚಿಸಿದರು. ತಂಗಿಯನ್ನು ತರಲು ಹೋಗಿ ಮೂಟೆ ಇಳಿಸಿದರೆ ಹೆಂಡತಿ ಏನೆನ್ನುತ್ತಾಳೋ ಎಂದ ಅಣ್ಣ. ನನ್ನನ್ನು ಕಳಿಸುವ ಮಾತೂ ಬಂತು. ಎತ್ತುಗಳು ಮಾತ್ರ ನಿಂತಲ್ಲೇ ಮೆಲುಕು ಹಾಕುತ್ತಿದ್ದವು.

ಅತ್ತೆ ಕಂಬ ಹಿಡಿದುಕೊಂಡು ನಿಂತಿದ್ದರು. ಅವರ ಮುಖ ಅವತ್ತು ನನಗೆ ಮೊದಲ ಸಲ ಕಂಡ ಹಾಗಾಯಿತು. ತಿಂಗಳುಗಟ್ಟಲೆ ಬಂದವರಿಗೆಲ್ಲ ಕಾಲಿಗೆ ನೀರು ಕೊಟ್ಟು, ಬಡಿಸಿ, ಬಾವಿಯ ಕಥೆಗಳಿಗೆಲ್ಲ ತಲೆದೂಗಿದ್ದು ಅವರೇ ಅಲ್ಲವೇ. ಅವರಿಗೆ ತವರೆಂಬುದು ಉಳಿದಿರಲಿಲ್ಲ. ಮಾವನವರು ಹೋದ ಮೇಲೆ ಹೊಳೆಯಾಚೆಗೆ ಅವರು ಕಾಲಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ನನಗೆ ಯಾಕೆ ಧೈರ್ಯ ಬಂತೋ, ಹತ್ತಿರ ಹೋಗಿ ಕೇಳಿದೆ.

“ಅತ್ತೆ, ನಿಮ್ಗೆಷ್ಟದೆ?”

ಒರಳಿನ ಕೋಣೆಗೂ ಅವರು ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ; ನಮ್ಮ ಅಳತೆಯ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತೆಂದು ಕಾಣುತ್ತದೆ. ಏನು ಕೇಳುತ್ತಿದ್ದೇನೆಂದು ಅವರು ಕೇಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ಖಂಡುಗ ಅದೆ ಕನವ್ವ.”

ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಷ್ಟು ಹೇಳಿ ಒಳಗೆ ಹೋದರು. ಸೀರೆ ಬದಲಿಸಿ, ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡು ಬಂದು, ಗಾಡಿಯ ಹಿಂದೆ ನಿಂತು, ಹತ್ತಿಸು ಎಂಬಂತೆ ಅಕ್ಕನ ಕಡೆ ಕೈ ಚಾಚಿದರು. ಅಕ್ಕ ಹತ್ತಿಸಿದಳು. ಬೀಗರ ಮನೆಗೆ ಬೀಗಿತ್ತಿ ಹೀಗೆ ಹೋಗಬಹುದೇ ಎಂದು ಕೇಳಲು ಅಣ್ಣ ಬಾಯಿ ತೆರೆದ, ಅತ್ತೆಯ ಮುಖ ನೋಡಿ ಮುಚ್ಚಿದ. ಗದ್ದೆಯಿಂದ ಬರುತ್ತಿದ್ದ ಭಾವನಿಗೆ ದಾರಿಯಲ್ಲಿ ಗಾಡಿ ಎದುರಾಗಿದೆ. ಹೆಂಡತಿ ಕೂತಿರುವಳೆಂದುಕೊಂಡ ಜಾಗದಲ್ಲಿ ಹೆತ್ತವ್ವ ಕೂತಿದ್ದನ್ನು ಕಂಡು, ಮನೆಗೆ ಬಂದು, ಏನೂ ಕೇಳದೆ ಉಂಡು ಮಲಗಿದರು.

ಸಂಕ್ರಾಂತಿ ಕಳೆಯಿತು, ಅತ್ತೆ ಬರಲಿಲ್ಲ. ಕಳಿಸಿಕೊಡಿ ಎಂದು ಹೇಳಿಕಳಿಸಿದರೆ, ಇನ್ನೂ ಸ್ವಲ್ಪ ದಿನ ಎಂದು ಉತ್ತರ ಬಂತು. ಗಂಡಸರು ಹೋಗಿ ಕರೆಯುವುದು ಚೆನ್ನಾಗಿ ಕಾಣುವುದಿಲ್ಲ. ಕೊನೆಗೆ ಅಕ್ಕನೇ ಹೊರಟಳು. ಯಾವ ಮನೆಗೆ ಹೋದರೆ ಮತ್ತೆ ಬರುವುದಿಲ್ಲವೆಂದು ನೀರು ಕುಡಿಯುವುದನ್ನೂ ಬಿಟ್ಟಿದ್ದಳೋ ಆ ಮನೆಗೆ ಕೋಳಿ ಕೂಗುವ ಹೊತ್ತಿಗೇ ನಮ್ಮದೇ ಗಾಡಿ ಕಟ್ಟಿಸಿಕೊಂಡು ಹೋದಳು. ದೀಪ ಹಚ್ಚುವ ಹೊತ್ತಿಗೆ ಒಬ್ಬಳೇ ಬಂದಿಳಿದಳು.

ಅತ್ತೆ ಅಲ್ಲಿ ಜಗಲಿಯ ಬಿಸಿಲಲ್ಲಿ ಕಾಲು ಚಾಚಿ ಕೂತಿದ್ದರಂತೆ. ಅಕ್ಕನ ಅತ್ತಿಗೆ ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದಳಂತೆ, ಇಬ್ಬರೂ ಬಿಟ್ಟೂ ಬಿಡದೆ ಮಾತಾಡುತ್ತಿದ್ದರಂತೆ. ಅತ್ತಿಗೆ ಇವಳನ್ನು ಹೇಗಿದ್ದೀಯೆ ಎಂದೂ ಕೇಳಲಿಲ್ಲ; ಈಗಲೇ ಅತ್ತೆಯನ್ನು ಕರೆಯಲು ಯಾಕೆ ಬಂದೆ ಎಂದು ರೇಗಿದಳು.

“ಅತ್ತೆ ಏನಂದ್ರು ಅಕ್ಕ?” ಎಂದೆ.

“ಇನ್ನ ನಾಕ್ ಕೊಳಗ ಅದೆಯಂತೆ, ಕಳ್ಕೊಂಡ್ ಬತ್ತೀನಿ, ಅಲ್ಲೀಗಂಟ ಮನೆ ನೀನೇ ನೋಡ್ಕೊ ಅಂದ್ರು” ಎಂದಳು ಅಕ್ಕ. ಕಾಲು ತೊಳೆದು ಒಳಗೆ ಬಂದು, ನಾನು ಒಲೆಯ ಮೇಲಿಟ್ಟಿದ್ದ ಸಾರನ್ನು ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿ, ಉಪ್ಪು ಸಾಲದು ಎಂದಳು.