ಭಾವನವರು ಅಂಗಳಕ್ಕೆ ಬಂದಾಗ

ಬಂಡಳ್ಳಿಯಲ್ಲಿ ಹೊಸದಾಗಿ ಹಂಚು ಹೊದಿಸಿದ ಮನೆಯೊಂದರ ಮೇಲೆ ಬೇವಿನ ಕೊಂಬೆ ಚಾಚಿಕೊಂಡಿತ್ತು. ಅದನ್ನು ಕಡಿಯಲು ಮರ ಹತ್ತುವ ನನ್ನನ್ನು ಕರೆಸಿದ್ದರು. ಎರಡು ಎತ್ತಿನ ತೂಕ. ನನ್ನ ಮಾತಲ್ಲಿ ಒಂದೆತ್ತು ಕಳೆದರೂ ಹಂಚು ಪುಡಿಯಾಗಲು ಅಷ್ಟು ಸಾಕು.

"ಅಗ್ಗ ಇಡಿಯಕ್ಕೆ ಎಂಟಾಳು ಬೇಕು. ಗಂಡಸ್ರೆಲ್ಲ ಕೊಳ್ಳೇಗಾಲಕ್ಕೋಗವ್ರೆ," ಅಂದರು ಮನೆಯೊಡತಿ ಮಾದೇವಮ್ಮ.

"ನೀವೊಬ್ರೇ ಸಾಕು ಕಣವ್ವ," ಅಂದೆ.

ಕೊಂಬೆಗೆ ಬಿಗಿದ ಹಗ್ಗವನ್ನು ಮೇಲಿನ ಕವಲಿನಲ್ಲಿ ಹಾಯಿಸಿ ಇಳಿಬಿಟ್ಟು, ಮರದ ಬುಡಕ್ಕೆ ಮೂರು ಸುತ್ತು ಸುತ್ತಿ, ತುದಿಯನ್ನು ಅವರ ಕೈಗೆ ಕೊಟ್ಟೆ. ಭಾರವನ್ನೆಲ್ಲ ಆ ಸುತ್ತುಗಳೇ ತಡೆಯುತ್ತವೆ. ಅದನ್ನು ಹೇಳದೆ, ನಿಮ್ಮ ಕೈಬಲ ನೋಡಿಯೇ ಕೊಟ್ಟೆ ಅಂದೆ. ಅವರು ಉಬ್ಬಿಹೋದರು.

ಮತ್ತೆ ಮರ ಹತ್ತಿ ಕೊಂಬೆಯನ್ನು ಕೊಯ್ದೆ. ಕೊಂಬೆ ತೂಗುತ್ತಾ ಇಳಿಯತೊಡಗಿತು. ಅಷ್ಟರಲ್ಲಿ ಅವರ ಗಂಡನ ಅಣ್ಣ ಕೊಳ್ಳೇಗಾಲದಿಂದ ಬೇಗನೆ ಮರಳಿ ಅಂಗಳಕ್ಕೆ ಕಾಲಿಟ್ಟರು. ಭಾವನ ಮುಂದೆ ಬರಿದಲೆಯಲ್ಲಿ ನಿಲ್ಲುವುದುಂಟೇ? ಸೆರಗು ಹೊದೆಯಲು ಮಾದೇವಮ್ಮ ಎರಡೂ ಕೈ ಬಿಟ್ಟರು. ಕೊಂಬೆ ಜಾರಿತು, ನಾನು ಕಿರುಚಿದೆ. ಮಾದೇವಮ್ಮ ಹಗ್ಗವನ್ನು ಪಾದದಡಿ ಅದುಮಿದರು. ಕೊಂಬೆ ಹಂಚಿನಿಂದ ಗೇಣುದ್ದ ಮೇಲೆ ನಿಂತಿತು.

ಭಾವ ಬೇಲಿಯತ್ತ ಮುಖ ತಿರುಗಿಸಿ ನನಗೆ ಕೂಗಿದರು: "ಲೇ, ಅಗ್ಗವ ಕೈಲಿ ಇಡ್ಕೊಳಕ್ಕೇಳ್ಲಾ ಅವ್ಳ್ಗೆ!"

ಸೆರಗಿನೊಳಗಿಂದ ಉತ್ತರವೂ ನನಗೇ ಬಂತು: "ಭಾವೋರು ಇತ್ಲಿಗೋದ್ರೆ ಇಡ್ಕತೀನಿ ಅಂತ ಏಳಪ್ಪ."

ಇಬ್ಬರ ನಡುವೆ ನಾಲ್ಕು ಮಾರೂ ಇರಲಿಲ್ಲ. ಆದರೂ ಅವರು ನೇರವಾಗಿ ಮಾತಾಡುವಂತಿಲ್ಲವಲ್ಲ, ಮರದ ಮೇಲಿಂದ ಎರಡೂ ಮಾತನ್ನು ಉಪ್ಪುಖಾರ ಹಚ್ಚಿ ದಾಟಿಸಿದೆ. ಭಾವ ಹಿತ್ತಿಲಿಗೆ ಹೋದರು. ಕೊಂಬೆಗೆ ಕಟ್ಟಿದ್ದ ಇನ್ನೊಂದು ಹಗ್ಗ ಎಳೆದು ನಾನು ಅದನ್ನು ಅಂಗಳದತ್ತ ತಿರುಗಿಸಿದೆ, ಮಾದೇವಮ್ಮ ಮೆಲ್ಲಗೆ ನೆಲಕ್ಕಿಳಿಸಿದರು. ಒಂದು ಹಂಚೂ ಒಡೆಯಲಿಲ್ಲ.

ಅಂದಿನಿಂದ ಮರ ಹತ್ತುವ ಮುಂಚೆ ನಾನು ಮೊದಲು ವಿಚಾರಿಸುವುದು ಹಗ್ಗವನ್ನಲ್ಲ. ಮನೆಯೊಡತಿಯ ಭಾವ ಯಾವ ಬಸ್ಸಿಗೆ ಬರುತ್ತಾರೆ ಅಂತ.